ಮೊದಲ ಬುಗ್ಗೆಯ ನೀರು

ಸತ್ತವರಿಗೆ ಮೊದಲು ಆಗುವುದು ಬಾಯಾರಿಕೆ. ಪೆಲಿನ್ನ ಊರಿನ ನಮಗೆಲ್ಲ ಇದು ಗೊತ್ತು. ಸತ್ತವರ ಲೋಕದ ಒಡೆಯ ಹೇಡಿಸನ ಬಾಗಿಲು ದಾಟಿದ ಕೂಡಲೇ ಒಂದು ಬಿಳಿ ಸೈಪ್ರಸ್ ಮರ, ಅದರ ಬುಡದಲ್ಲಿ ತಣ್ಣನೆಯ ಬುಗ್ಗೆ. ಅರಿಯದವರು ಅಲ್ಲೇ ಬಗ್ಗಿ ಕುಡಿಯುತ್ತಾರೆ. ಕುಡಿದವರಿಗೆ ಹೆತ್ತವರ ಮುಖವಿರಲಿ, ತಮ್ಮ ಹೆಸರೂ ನೆನಪಿರುವುದಿಲ್ಲ. ದೀಕ್ಷೆ ಪಡೆದವರು ಬಾಯಾರಿಕೆ ತಡೆದುಕೊಂಡು ಮುಂದೆ ನಡೆದು, ಎರಡನೆಯ ಕೊಳದ ಕಾವಲುಗಾರರನ್ನು ನೀರು ಕೇಳಬೇಕು. ಅದು ನೆನಪಿನ ನೀರು. ಈ ದಾರಿಯನ್ನು ಚಿನ್ನದ ಎಲೆಯ ಮೇಲೆ ಬರೆದು ಹೆಣದ ಎದೆಯ ಮೇಲಿಡುವುದು ನಮ್ಮ ಪದ್ಧತಿ. ಬರೆಯುವವನು ನಾನು, ಅಕ್ಕಸಾಲಿ ಕ್ರಾತೋನ್.

ಎಲೆ ಎಂದರೆ ಗೋಡೆಗೆ ಹಬ್ಬುವ ಬಳ್ಳಿಯ ಎಲೆಯ ಆಕಾರ, ಅಂಗೈಗಿಂತ ಚಿಕ್ಕದು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳು. ಮೂವತ್ತು ವರ್ಷದಲ್ಲಿ ಒಂದು ಪದವನ್ನೂ ನಾನು ತಪ್ಪು ಬರೆದವನಲ್ಲ. ಅದರ ಜಂಬವೂ ನನಗಿತ್ತು. ಓಲೆ, ಸರ ಮಾಡುವವರು ಬೀದಿಗೆ ನಾಲ್ವರಿದ್ದಾರೆ, ಸತ್ತವರಿಗೆ ದಾರಿ ತೋರಿಸುವವನು ನಾನೊಬ್ಬನೇ ಎಂದು ಗಡ್ಡ ನೀವಿಕೊಂಡು ಓಡಾಡುತ್ತಿದ್ದೆ.

ಮಿರ್ತಿಸ್ ಬಂದದ್ದು ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ, ಒಂದು ಬೆಳಿಗ್ಗೆ. ಸೂತಕಕ್ಕೆಂದು ಕೂದಲು ಕತ್ತರಿಸಿಕೊಂಡಿದ್ದಳು. ಹಿಂದಿನ ದಿನ ಅವಳ ಒಬ್ಬಳೇ ಮಗಳು ಆರ್ಖಿಪ್ಪೆ ತೀರಿಕೊಂಡಿದ್ದಳು. ಮಗಳ ಕಿವಿಯ ಓಲೆಗಳನ್ನು ಬಿಚ್ಚಿ ತಂದು ನನ್ನ ಮುಂದಿಟ್ಟಳು.

"ಇದನ್ನ ಕರಗಿಸಿ ಎಲೆ ಮಾಡ್ಕೊಡಣ್ಣ. ನಾಳೆ ಬೆಳಕು ಹರಿಯೋ ಮುಂಚೆ ಎತ್ತಬೇಕು ಅವಳನ್ನ."

"ಮಾಡ್ತೀನಕ್ಕ. ಕೂತ್ಕೋ."

ಅವಳು ಕೂರಲಿಲ್ಲ. "ಬರೆಯೋದು ಮಾತ್ರ ನಾನು ಹೇಳಿದಂಗೆ ಬರೀಬೇಕು. ಮೊದಲ್ನೇ ಬುಗ್ಗೇಲೇ ಕುಡಿ, ಮುಂದೆ ಹೋಗಬೇಡ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. "ತಲೆ ನೆಟ್ಟಗಿದ್ಯಾ ನಿಂಗೆ? ಅಲ್ಲಿ ಕುಡಿದ್ರೆ ನೀನು ಯಾರು ಅಂತಲೂ ಗೊತ್ತಾಗಲ್ಲ ಅವಳಿಗೆ."

"ಗೊತ್ತಾಗಬಾರದು ಅಂತಾನೇ ಕೇಳ್ತಿರೋದು."

ಆರ್ಖಿಪ್ಪೆಯ ವಿಷಯ ಊರಿಗೇ ಗೊತ್ತಿದ್ದದ್ದು. ಆ ವಸಂತದಲ್ಲಿ ಅವಳು ಮೂರನೆಯ ಸಲವೂ ಹೆಣ್ಣು ಹೆತ್ತಳು. ಐದನೆಯ ದಿನ ತಂದೆಯಾದವನು ಮಗುವನ್ನು ಎತ್ತಿಕೊಂಡು ಒಲೆಯ ಸುತ್ತ ಬರಬೇಕು, ಆಗಲೇ ಅದು ಮನೆಯ ಮಗು. ಅವಳ ಗಂಡ ಕುಳಿತಲ್ಲಿಂದ ಏಳಲಿಲ್ಲ. ಹಾಗೆ ಬಿಟ್ಟ ಕೂಸನ್ನು ಗಡಿಗೆಯಲ್ಲಿಟ್ಟು ಗುಡ್ಡದ ದಾರಿಯಲ್ಲಿ ಇರಿಸಿ ಬರುತ್ತಾರೆ. ಬೇಕಾದವರು ಎತ್ತಿಕೊಂಡು ಹೋಗಬಹುದು. ನಮ್ಮಲ್ಲಿ ಇದನ್ನು ಯಾರೂ ಪಾಪ ಎನ್ನುವುದಿಲ್ಲ. ನಾನೂ ಅಂದವನಲ್ಲ.

"ಗಡಿಗೆ ಹೊತ್ಕೊಂಡು ಹೋದವಳು ನಾನೇ," ಎಂದಳು ಮಿರ್ತಿಸ್. "ಅಳಿಯ ಇವಳನ್ನೂ ಆಚೆ ಹಾಕ್ತಾನೆ ಅಂತ ಹೆದರಿ, ಮಗೂನ ಎದೆಯಿಂದ ಕಿತ್ಕೊಂಡೆ. ನನ್ನ ಹೊದಿಕೆ ಹಿಡ್ಕೊಂಡು ಬಾಗಿಲ ತನಕ ತೆವಳಿದ್ಲು. ಯಾರೋ ಪುಣ್ಯಾತ್ಮರು ಎತ್ಕೊಂಡು ಹೋದ್ರು ಕಣೇ ಅಂತ ಸಮಾಧಾನ ಹೇಳಿದೆ. ಯಾವ ಮನೆಯೋರು ಅಂತ ಕೇಳಿದ್ಲು. ನೀರು ತರ್ತೀನಿ ಅಂತ ಎದ್ದುಹೋದೆ. ಅವತ್ತಿಂದ ಅನ್ನ ಸೇರಲಿಲ್ಲ ಅವಳಿಗೆ. ಸಾಯೋವಾಗ್ಲೂ, ಮಗು ಅಳ್ತಿದೆ ಎತ್ಕೊಡಮ್ಮ, ಎತ್ಕೊಡಮ್ಮ ಅಂತಿದ್ಲು. ಅದನ್ನೆಲ್ಲ ನೆನಪಲ್ಲಿಟ್ಕೊಂಡು ಅಲ್ಲಿ ಅವಳು ಯಾವ ಸುಖ ಕಾಣಬೇಕು, ನೀನೇ ಹೇಳು."

"ಹಂಗಿದ್ರೆ ಎಲೇನೇ ಇಡಬೇಡ. ಬಾಯಾರಿಕೆ ತಡೀಲಾರದೆ ತಾನಾಗೇ ಕುಡೀತಾಳೆ."

"ಕುಡಿಯಲ್ಲ. ಏಳು ವರ್ಷದವಳಿದ್ದಾಗಿಂದ ದಾರಿ ಬಾಯಿಪಾಠ ಅವಳಿಗೆ. ಬರಿಗೈಲಿ ಕಳಿಸಿದ್ರೂ ಸರಿಯಾದ ಕೊಳಕ್ಕೇ ಹೋಗ್ತಾಳೆ. ಚಿನ್ನದಲ್ಲಿ ಬರೆದಿದ್ರೆ ಮಾತ್ರ, ಓ ನಾನೇ ತಪ್ಪು ಕಲ್ತಿದ್ದೆ ಅಂದ್ಕೋತಾಳೆ. ಅವಳಿಗೆ ಓದೋಕೆ ಬರುತ್ತೆ. ಅವರಪ್ಪ ಕಲಿಸಿದ್ದ."

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. "ಗಡಿಗೆ ಹೊತ್ತ ಕೈ ಯಾರದು ಅನ್ನೋದೂ ಮರೆತುಹೋಗ್ಲಿ ಅಂತಲೋ?" ಎಂದೆ.

ಅವಳು ತಲೆ ತಗ್ಗಿಸಲಿಲ್ಲ. "ಅದೂ ಇದೆ. ಆದ್ರೆ ಹೆತ್ತು ಸಾಕಿದ ಕೈಯೂ ಇದೇ ಅಲ್ವಾ ಕ್ರಾತೋನಣ್ಣ. ಅದೂ ಜೊತೆಗೇ ಹೋಗುತ್ತೆ. ಹೋಗ್ಲಿ."

ಆ ಮಾತಿಗೆ ನಾನು ಸೋತೆ. ಓಲೆ ಕರಗಿಸಿ ಬಡಿದೆ, ಅವಳು ಹೇಳಿದ್ದನ್ನೇ ಬರೆದೆ. ಅಕ್ಷರಗಳು ನೇರವಾಗಿಯೇ ಬಂದವು. ಮರುದಿನ ನಸುಕಿನಲ್ಲಿ ಮಿರ್ತಿಸ್ ಅದನ್ನು ಮಗಳ ಎದೆಯ ಮೇಲಿಟ್ಟಳು. ಪಕ್ಕದಲ್ಲಿದ್ದ ನೆಂಟರೆಲ್ಲ, ಪುಣ್ಯವಂತೆ, ನೆನಪಿನ ಕೊಳ ಸೇರುತ್ತಾಳೆ ಎಂದರು. ನಾನು ನೆಲ ನೋಡುತ್ತ ನಿಂತೆ.

ಮೂವತ್ತನೆಯ ದಿನದ ಎಡೆ ಮುಗಿಸಿಕೊಂಡು ಅವಳು ನೇರ ನನ್ನ ಅಂಗಡಿಗೆ ಬಂದಳು. ಈ ಸಲ ಕುಳಿತಳು.

"ಮಗೂನ ಯಾರೂ ಎತ್ಕೊಂಡು ಹೋಗಿರಲಿಲ್ಲ ಅಣ್ಣ," ಎಂದಳು. "ಮಾರನೇ ದಿನ ಹೋಗಿ ನೋಡಿದ್ದೆ. ಗಡಿಗೇಲೇ ಇತ್ತು. ತಣ್ಣಗಾಗಿತ್ತು. ಯಾರಿಗೂ ಹೇಳಲಿಲ್ಲ."

ನಾನು ಸುತ್ತಿಗೆ ಕೆಳಗಿಟ್ಟೆ.

"ಅಂದ್ರೆ ಅದೂ ಸತ್ತವರ ಲೋಕದಲ್ಲೇ ಇದೆ. ಇವತ್ತು ಸಮಾಧಿ ಮೇಲೆ ಜೇನು ಹೊಯ್ಯುವಾಗ ಹೊಳೀತು ನಂಗೆ, ಹಾಳು ತಲೆಗೆ. ಹೆಸರಿಡದ ಕೂಸು, ಯಾರ ಗುರುತೂ ಇಲ್ಲ ಅದಕ್ಕೆ. ತಾಯಿ ಎದುರಿಗೇ ಹಾದುಹೋದ್ರೂ ಅವಳಿಗೆ ನನ್ನದು ಅನ್ನಿಸಲ್ಲ. ಅಳ್ತಾ ಇದ್ರೆ ಯಾರು ಎತ್ಕೋತಾರೆ? ಎತ್ಕೊಡಮ್ಮ ಅಂದಿದ್ಲಲ್ಲ ಅಣ್ಣ. ಇಬ್ಬರೂ ಒಂದೇ ಕಡೆ ಸೇರಿದ್ರು, ನಾನು ಅಲ್ಲಿಗೂ ಕೈ ಚಾಚಿ ಕಿತ್ಕೊಂಡೆ."

ಅವಳ ಮುಖ ನೋಡಲಾಗಲಿಲ್ಲ. ಎಲೆ ಬದಲಿಸೋಣವೆಂದರೆ, ಮುಚ್ಚಿದ ಸಮಾಧಿಯನ್ನು ಮತ್ತೆ ಅಗೆಯುವುದು ನಮ್ಮಲ್ಲಿ ಮಹಾಪಾತಕ. ಮಾಡಲು ಉಳಿದದ್ದು ಒಂದೇ.

"ನಾನು ನಿನ್ನ ಮಾತು ಕೇಳಿರಲಿಲ್ಲ," ಎಂದೆ. "ಸರಿಯಾದ ದಾರಿಯನ್ನೇ ಬರೆದಿದ್ದೆ. ನಿಂಗೆ ಓದೋಕೆ ಬರಲ್ವಲ್ಲ, ಹೇಳದೆ ಕೊಟ್ಟೆ."

ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳು ಹೇಳಿದ್ದನ್ನೇ ಬರೆದ ಕೈಗಳು ಅವು. ಅಂದಿನಿಂದ ಪ್ರತಿ ಹಬ್ಬಕ್ಕೂ ನನ್ನ ಮನೆಗೆ ಅಂಜೂರ ಬರುತ್ತಿತ್ತು. ಅದನ್ನು ನೆರೆಮನೆಯ ಮಕ್ಕಳಿಗೆ ಹಂಚಿಬಿಡುತ್ತಿದ್ದೆ. ಅಂಗಡಿಯಲ್ಲಿ ಗಡ್ಡ ನೀವಿಕೊಳ್ಳುವುದೂ ನಿಂತಿತು.

ಎರಡು ಚಳಿಗಾಲ ಕಳೆದ ಮೇಲೆ ಮಿರ್ತಿಸ್ ಹಾಸಿಗೆ ಹಿಡಿದಳು. ಹೇಳಿಕಳಿಸಿದಳು. ಹೋದೆ. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಬೆಕ್ಕಿಗೂ ಸಾಲದಷ್ಟು ಜವೆಗಂಜಿಯನ್ನು ದಿನವಿಡೀ ಗುಟುಕರಿಸುತ್ತಿದ್ದಾಳೆ ಎಂದು ಸೇವಕಿ ಹೇಳಿದಳು.

"ನನ್ನ ಎಲೇಲೂ ಸರಿಯಾದ ದಾರೀನೇ ಬರೀ," ಎಂದಳು ಮಿರ್ತಿಸ್. "ಮಗಳು ಉಗೀಲಿ, ಶಾಪ ಹಾಕ್ಲಿ. ಎದುರಿಗೆ ನಿಂತು ಹಾಕಿಸ್ಕೋತೀನಿ. ಎರಡು ವರ್ಷದಿಂದ ಅದೇ ಆಸೇಲಿದೀನಿ."

ಉಗಿಯುವುದಕ್ಕೂ ನೆನಪು ಬೇಕಲ್ಲ. ಇವಳು ಎಲ್ಲ ನೆನಪನ್ನೂ ಹೊತ್ತು ಅಷ್ಟು ದೂರ ನಡೆದುಹೋಗಿ, ಯಾರಮ್ಮ ನೀನು ಎಂದು ಮಗಳ ಬಾಯಲ್ಲಿ ಕೇಳಿಸಿಕೊಳ್ಳಬೇಕಾಗುತ್ತದೆ. ನಿಜ ಹೇಳುವ ಧೈರ್ಯ ಬರಲಿಲ್ಲ. ಸುಮ್ಮನಿರಲೂ ಆಗಲಿಲ್ಲ.

"ಅಲ್ಲಿಗೆ ಹೋದ್ಮೇಲೆ ಮೊದಲು ಮಗೂನ ಹುಡುಕಕ್ಕ," ಎಂದೆ.

"ಯಾಕೆ? ಅದು ಅವರಮ್ಮನ ಹತ್ರಾನೇ ಇರುತ್ತಲ್ಲ."

"ಇರ್ಲಿ. ಆದ್ರೂ ಹುಡುಕು. ಸಿಕ್ಕಿದ ಕೂಡ್ಲೇ ಎತ್ಕೋ."

ಅವಳು ನನ್ನನ್ನೇ ನೋಡಿದಳು. ನಾನು ಮುಖ ತಿರುಗಿಸಿದೆ. ಮಗಳ ಎಲೆಯಲ್ಲಿ ನಾನು ಬರೆದದ್ದೇನೆಂದು ಅಷ್ಟರಲ್ಲೇ ತಿಳಿದುಕೊಂಡಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

"ಹಂಗಾದ್ರೆ ಅಲ್ಲಿ ಆ ಕೂಸಿನ ಗುರುತಿರೋದು ನನಗೊಬ್ಬಳಿಗೇ," ಎಂದಳು.

ಹಾಸಿಗೆಯ ಬದಿಯಲ್ಲಿದ್ದ ಗಂಜಿಯ ಬಟ್ಟಲನ್ನು ಬೆರಳ ತುದಿಯಿಂದ ಆಚೆ ಸರಿಸಿದಳು.

"ಬೇಗ ಬರೆದು ಮುಗಿಸು ಅಣ್ಣ. ಎರಡು ವರ್ಷದಿಂದ ಅಳ್ತಾ ಇದೆ ಅದು."