ಬಾಯಿ ಮುಕ್ಕಳಿಸುವ ನೀರು

“ಥೂ ಬೋಸುಡಿ, ತೆಗಿ ಕೈನ! ನಿನ್ ಕೈ ನನ್ ಬಾಯಿಗಾ?”

ಭಾನುವಳ್ಳಿಯ ಸಾವ್ಕಾರ ವಾಮದೇವಪ್ಪ ಕುರ್ಚಿಯಲ್ಲಿ ಒರಗಿಕೊಂಡೇ ಕೂಗಿದ. ಒಂದು ಕೆನ್ನೆ ಊದಿ ಕುಂಬಳಕಾಯಿಯಾಗಿತ್ತು. ಆದರೂ ನನ್ನ ಗುರುತು ಹಿಡಿದಿದ್ದ. ಅವನ ಹೊಲದಲ್ಲಿ ಕಳೆ ಕೀಳುವ ಕೊಟ್ರವ್ವನ ಮಗಳು ಗಿರಿಯಮ್ಮ ನಾನು. ನಮ್ಮವ್ವ ನೀರು ಕೇಳಿದರೆ ಅವನ ಹೆಂಡತಿ ಚೊಂಬನ್ನು ಮೇಲೆತ್ತಿ ಬೊಗಸೆಗೆ ಸುರಿಯುತ್ತಾಳೆ. “ಇನ್ನೀಟು ಬಗ್ಗೇ, ತಾಗೀಯ” ಅನ್ನುತ್ತಾಳೆ.

ಅರವತ್ತೊಂದನೇ ಇಸವಿಯಲ್ಲಿ ದಾವಣಗೆರೆಯ ಆ ಹಲ್ಲಿನ ದವಾಖಾನೆಯಲ್ಲಿ ಹಲ್ಲಿನ ಕಿಟ್ಟ ತೆಗೆಯುವುದು, ರೋಗಿಗಳ ಹತ್ತಿರ ಮಾತಾಡುವುದು, ಎರಡೂ ನನ್ನ ಕೆಲಸ. ಮದರಾಸಿನ ಡಾಕ್ಟರಿಗೆ ಬರುತ್ತಿದ್ದ ಕನ್ನಡ ಮೂರೇ ಮಾತು: ಬಾಯಿ ತೆಗಿ, ಉಗುಳು, ಆಯ್ತು. ಉಳಿದದ್ದನ್ನೆಲ್ಲ ನಾನೇ ಹೇಳಬೇಕಿತ್ತು.

“ಈಕಿ ಇದ್ರೆ ನಾ ಬಾಯಿ ತೆಗೆಯಂಗಿಲ್ಲ. ಇವತ್ತೇ ಕೆಲಸ ಬಿಡಿಸ್ರಿ!”

ಡಾಕ್ಟರಿಗೆ ತಿಳಿದದ್ದು ಬಾಗಿಲ ಕಡೆ ಚಾಚಿದ ಬೆರಳು ಮಾತ್ರ. ದೊಡ್ಡ ಕುಳ ಕೈತಪ್ಪೀತೆಂದು ಅವರೂ ನನಗೆ ಬಾಗಿಲು ತೋರಿಸಿದರು. ಕೆಲಸ ಹೋದರೆ ಮತ್ತೆ ಅದೇ ಹೊಲ, ಅದೇ ಅಂಗಳ, ಅದೇ ಬೊಗಸೆ. ಹೊಸ್ತಿಲಾಚೆ ಹೋಗಿ ನಿಂತೆ.

ಒಳಗೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಬೊಬ್ಬೆ ಎದ್ದಿತು.

“ಯಪ್ಪಾ! ತುಟಿ ಇಲ್ಲ! ನಾಲಿಗಿ ಇಲ್ಲ! ಲಕ್ವ ಹೊಡೀತು! ಕೊಂದ್ರಪ್ಪೋ!”

ಪಂಚೆ ಬಿಚ್ಚಿದ್ದೂ ತಿಳಿಯದೆ ಸಾವ್ಕಾರ ಬಾಗಿಲಿಗೆ ಓಡಿಬಂದ. ಹಿಂದೆ ಡಾಕ್ಟರು ಇಕ್ಕಳ ಹಿಡಿದು “ಆಯ್ತು, ಆಯ್ತು” ಎನ್ನುತ್ತ ಬಂದರು. ಅದನ್ನು ಕೇಳಿ ಅವನು ಇನ್ನಷ್ಟು ಅತ್ತ.

“ಲಕ್ವ ಅಲ್ರೀ, ಸೂಜಿ ಜೋಮು. ಎರಡು ತಾಸಿಗೆ ಇಳಿತೈತೆ,” ಅಂದೆ.

“ಖರೇನಾ?”

“ನಾ ಹೇಳ್ಲೋ, ಕೆಲಸ ಬಿಟ್ಟು ಹೋಗ್ಲೋ?”

“ಹೋಗ್‌ಬ್ಯಾಡವ್ವಾ! ಇಲ್ಲೇ ಇರು!” ನನ್ನ ಸೆರಗನ್ನೇ ಹಿಡಿದುಕೊಂಡ.

ಡಾಕ್ಟರು ನನ್ನನ್ನು ಒಳಗೆ ಕರೆದರು. ನಾನು ಅವನ ದವಡೆ ಹಿಡಿದೆ, ಅವರು ಹಲ್ಲು ಕಿತ್ತರು. ಬಾಯಿ ತುಂಬ ರಕ್ತ. ಮುಕ್ಕಳಿಸಲು ಲೋಟ ಮುಂದೆ ಹಿಡಿದೆ. ಜೀವ ಉಳಿದದ್ದೇ ತಡ, ಅವನಿಗೆ ಜಾತಿ ನೆನಪಾಯಿತು.

“ನೀ ಮುಟ್ಟಿದ್ ಲೋಟ ನಾ ಮುಟ್ಟಂಗಿಲ್ಲ.”

“ಮುಟ್‌ಬ್ಯಾಡ್ರಿ. ಬೊಗಸೆ ಒಡ್ರಿ.”

ಸುತ್ತ ನೋಡಿದ. ಬೇರೆ ನೀರಿರಲಿಲ್ಲ. ಡಾಕ್ಟರು “ಉಗುಳು, ಉಗುಳು” ಎಂದು ಅವಸರ ಮಾಡುತ್ತಿದ್ದರು. ರಕ್ತ ಗಲ್ಲಕ್ಕಿಳಿಯಿತು. ಎರಡೂ ಕೈ ಜೋಡಿಸಿ ಒಡ್ಡಿದ.

ನಾನು ಲೋಟವನ್ನು ತಲೆಯ ಮಟ್ಟಕ್ಕೆ ಎತ್ತಿದೆ.

“ಇನ್ನೀಟು ಬಗ್ರಿ ಸಾವ್ಕಾರ್ರೆ,” ಅಂದೆ, “ತಾಗೀರಿ.”