ಒಂಬತ್ತನೇ ಅರ್ಜಿ

"ಹೆಣ ಇನ್ನೂ ಮನೇಲಿದೆ. ರುಜು ಕೇಳೋಕೆ ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ತಮ್ಮನ ಕೂಗಿಗೆ ಪಕ್ಕದ ಕೋಣೆಯಲ್ಲಿ ಅಕ್ಕನ ಹೆಣದ ಸುತ್ತ ಕೂತಿದ್ದ ನಾಲ್ಕು ಜನ ತಲೆಯೆತ್ತಿದರು. ಚಿಕ್ಕ ಟೀಚರ್ ಕದಲಲಿಲ್ಲ. ಅಕ್ಕನ ಹತ್ತಿರವೇ ಕಲಿತು ಅವಳ ಜೊತೆಗೇ ಪಾಠ ಹೇಳುತ್ತಿದ್ದ ಹುಡುಗಿ. ಮಕ್ಕಳು ಕರೆದದ್ದೇ ಹೆಸರಾಗಿತ್ತು.

"ಆಗುತ್ತೆ," ಅಂದಳು. "ಆದ್ರೆ ಐದು ಗಂಟೆಗೆ ಗಡುವು. ನಾಚಿಕೆ ಆಮೇಲೂ ಪಡಬಹುದು."

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದ ಅಕ್ಕ, ನಿವೃತ್ತಳಾದ ಮೇಲೆ ಈ ಮನೆಯ ಮಹಡಿಯಲ್ಲಿ ಬೀದಿಯ ಮಕ್ಕಳಿಗೆ ಕೋಡಿಂಗ್ ಕಲಿಸುತ್ತಿದ್ದಳು. ಇದ್ದದ್ದು ಒಂದೇ ಕಂಪ್ಯೂಟರು, ಅದೂ ಮನಸ್ಸು ಬಂದರೆ ಓಡುವಂಥದ್ದು. ಇಂಥ ತರಗತಿಗಳಿಗೆ ಅನುದಾನ ಕೊಡುವ ಸಂಸ್ಥೆಯೊಂದಕ್ಕೆ ವರ್ಷ ವರ್ಷವೂ ಅರ್ಜಿ ಹಾಕಿದಳು. ಎಂಟು ಸಲ ವಿಷಾದದ ಪತ್ರ ಬಂತು. ಒಂಬತ್ತನೆಯದು ಮಂಜೂರಾದಾಗ, ಒಪ್ಪಿಗೆ ಪತ್ರಕ್ಕೆ ರುಜು ಹಾಕುವ ಮೊದಲೇ ಅವಳ ಎದೆಬಡಿತ ನಿಂತಿತು. ನಿಯಮದ ಪ್ರಕಾರ ಇನ್ನು ರುಜು ಹಾಕಬೇಕಾದವನು ಅರ್ಜಿಯಲ್ಲಿ ಅವಳು ಸೂಚಿಸಿದ ವ್ಯಕ್ತಿ. ಹಾಕದಿದ್ದರೆ ತರಗತಿ ಮುಚ್ಚಿದಂತೆ.

ಬೀದಿ ಕೊನೆಯ ಸೈಕಲ್ ಅಂಗಡಿಯವನು ವಾತಾವರಣ ತಿಳಿ ಮಾಡಲು ನೋಡಿದ. ಅಷ್ಟೊಂದು ಅರ್ಜಿಯಲ್ಲಿ ಒಂದನ್ನು ಗಂಡಿಗೆ ಹಾಕಿದ್ದರೂ ಮದುವೆಯಾಗುತ್ತಿತ್ತು ಅಂದ. ಯಾರೂ ನಗಲಿಲ್ಲ.

"ಮೊದಲು ಮಣ್ಣು," ಅಂದ ತಮ್ಮ.

*

ಒಂಬತ್ತು ವರ್ಷದ ಹಿಂದೆ ಅವನು ಒಂದೇ ಒಂದು ಸಲ ಆ ಮಹಡಿ ಹತ್ತಿದ್ದ. ಕಂಪ್ಯೂಟರು ಕೆಟ್ಟಿತ್ತು. ಒಂದು ಮಗುವಿನ ತಲೆಗೆ ರಟ್ಟಿನ ಪೆಟ್ಟಿಗೆ ಕವುಚಿ, ಅದನ್ನೇ ಕಂಪ್ಯೂಟರು ಮಾಡಿಕೊಂಡು ಪಾಠ ನಡೆದಿತ್ತು. ಉಳಿದವರು ಹಾಳೆಯಲ್ಲಿ ಬರೆದ ಆಜ್ಞೆಗಳನ್ನು ಓದಬೇಕು: ಮೂರು ಹೆಜ್ಜೆ ಮುಂದೆ, ಬಲಕ್ಕೆ ತಿರುಗು.

"ಹೇಳದೇ ಇದ್ದದ್ದನ್ನ ಅದು ಮಾಡಲ್ಲ ಕಣೋ," ಎನ್ನುತ್ತ ಅಕ್ಕ ಪೆಟ್ಟಿಗೆಯನ್ನು ಅವನ ತಲೆಗೇ ಹಾಕಿದ್ದಳು.

ಅವನ ಸರದಿಗೆ ಬರೆದ ಹಾಳೆಯಲ್ಲಿ ಮಕ್ಕಳು ತಿರುಗು ಅನ್ನುವುದನ್ನು ಬಿಟ್ಟಿದ್ದರು. ಅವನು ಸೀದಾ ಹೋಗಿ ಗೋಡೆಗೆ ಹಾಯ್ದ. ಮಕ್ಕಳು ಬಿದ್ದು ಬಿದ್ದು ನಕ್ಕರು, ಅಕ್ಕನೂ ನಕ್ಕಳು. ಅವನು ಪೆಟ್ಟಿಗೆ ಕಿತ್ತೆಸೆದು ಇಳಿದುಹೋದ. ಮತ್ತೆ ಬರಲಿಲ್ಲ. ಅವಳೂ ಕರೆಯಲಿಲ್ಲ.

*

ಮಣ್ಣು ಮಾಡಿ ಬಂದಾಗ ನಾಲ್ಕಾಗಿತ್ತು. ಜನ ಚದುರಿದ್ದರು. ತಮ್ಮ ತಾನಾಗಿಯೇ ಮಹಡಿ ಹತ್ತಿದ. ಚಿಕ್ಕ ಟೀಚರ್ ಒಪ್ಪಿಗೆ ಪತ್ರದ ಪಕ್ಕ ಅರ್ಜಿಯ ಎಂಟನೇ ಪುಟ ತೆರೆದಿಟ್ಟಳು.

ಅರ್ಜಿದಾರರ ಗೈರಿನಲ್ಲಿ ನಡೆಸುವವರು: ನನ್ನ ತಮ್ಮ. ಅವರ ಒಪ್ಪಿಗೆ ಪಡೆಯಲಾಗಿದೆಯೇ: ಹೌದು.

"ಸುಳ್ಳು. ಯಾವಾಗ ಕೇಳಿದ್ಲು ನನ್ನ?"

ಅವಳು ಹಳೆಯ ಎಂಟೂ ಅರ್ಜಿಗಳನ್ನು ಪಕ್ಕದಲ್ಲಿ ಹರಡಿದಳು. ಎಲ್ಲದರಲ್ಲೂ ಅದೇ ದುಂಡು ಅಕ್ಷರ, ಅದೇ ಹೌದು. ಮೊದಲನೆಯದರ ತಾರೀಖು, ಅವನು ಪೆಟ್ಟಿಗೆ ಕಿತ್ತೆಸೆದ ದಿನದ ಮಾರನೇ ದಿನದ್ದು.

ಅವನು ಆ ತಾರೀಖಿನ ಮೇಲೆ ಬೆರಳಿಟ್ಟ.

"ಊರಿಗೆಲ್ಲ ಲೈನ್ ಕೊಟ್ಟವಳು," ಅಂದ. "ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ?"

"ನೀವು ಮಾಡಿದ್ರಾ?"

ಅವನು ಪೆನ್ನು ತೆಗೆದುಕೊಂಡ. ಅದರ ಮೊನೆ ಹೌದು ಎಂಬುದರ ಮೇಲೆ ಒಂದಿಷ್ಟು ಹೊತ್ತು ನಿಂತಿತು. ಹೊಡೆದುಹಾಕಲಿಲ್ಲ, ರುಜುವನ್ನೂ ಹಾಕಲಿಲ್ಲ. ಮುಖ ತೊಳೆದು ಬರ್ತೀನಿ ಎಂದು ಪೆನ್ನಿಟ್ಟು ಇಳಿದ.

ನಲ್ಲಿಯ ಸದ್ದು ಕೇಳಲಿಲ್ಲ. ಬೀದಿ ಬಾಗಿಲಿನ ಸದ್ದು ಕೇಳಿತು.

ಚಿಕ್ಕ ಟೀಚರ್ ಕಿಟಕಿಗೆ ಬಂದಳು. ಅವನು ತಲೆ ತಗ್ಗಿಸಿ ನಡೆಯುತ್ತಿದ್ದ. ಅವನ ಮನೆಗೆ ಸೈಕಲ್ ಅಂಗಡಿ ದಾಟಿ ಬಲಕ್ಕೆ ತಿರುಗಬೇಕು. ಅವನು ತಿರುಗಲಿಲ್ಲ, ಸೀದಾ ಹೋದ.

ಐದಾಗುವವರೆಗೂ ಅವಳು ಕಿಟಕಿ ಬಿಡಲಿಲ್ಲ, ಅವನು ಹಿಂತಿರುಗಲಿಲ್ಲ. ಹಿಂದೆ ಮೇಜಿನ ಮೇಲೆ, ಮುಚ್ಚಳ ಹಾಕದ ಪೆನ್ನಿನ ಮೊನೆಯ ಕೆಳಗೆ, ಅರ್ಜಿಯ ಪುಟದಲ್ಲಿ ಶಾಯಿ ಸಣ್ಣಗೆ ಹರಡುತ್ತಿತ್ತು.