ಆಟದ ಫೋನು

ಕುಶಲಾಳ ಬೆರಳು ಫೋನಿಗೆ ಗೊತ್ತಾಗುವುದಿಲ್ಲ ಎಂಬುದು ಆ ಮನೆಯ ಹಳೆಯ ತಮಾಷೆ. ಮಟ್ಟುವಿನ ಗುಳ್ಳ ಬದನೆಯ ಮುಳ್ಳಿಗೆ ವರ್ಷ ವರ್ಷವೂ ಕೈಯೊಡ್ಡಿ ಅವಳ ಬೆರಳ ತುದಿಗಳು ಒಣಗಿದ ತೆಂಗಿನ ಸಿಪ್ಪೆಯ ಹಾಗಾಗಿದ್ದವು. ಗುಳ್ಳ ಕೊಯ್ಯಲು, ಬಿಸಿ ಪಾತ್ರೆ ಇಳಿಸಲು ಅಂಥ ಬೆರಳೇ ಆಗಬೇಕು. ಫೋನಿಗೆ ಮಾತ್ರ ಆಗದು. ಎಷ್ಟು ಒತ್ತಿದರೂ ಗಾಜು ತೆಪ್ಪಗಿರುತ್ತಿತ್ತು. ನೀರು ಮುಟ್ಟಿಸಿಕೊಂಡು ಒತ್ತಿದರೆ ಎಲ್ಲೆಲ್ಲಿಗೋ ಹಾರುತ್ತಿತ್ತು.

ಹಾಗಾಗಿ, ಬಹರೈನಿನ ಬೇಕರಿಯಲ್ಲಿರುವ ಗಂಡ ಕರುಣಾಕರ ಸಂಜೆ ಚಹಾದ ಹೊತ್ತಿಗೆ ವಿಡಿಯೊ ಕಾಲ್ ಮಾಡಿದರೆ ಮಗಳು ಮೋಕ್ಷಾ ಬಂದು ಎತ್ತಿ ಕೊಡಬೇಕು. ಕೊಟ್ಟವಳು ಅಲ್ಲೇ ನಿಲ್ಲಬೇಕು, ಚಿತ್ರ ನಿಂತುಹೋದರೆ ಸರಿಮಾಡಲು. ಮಗಳ ಎದುರು ಗಂಡ ಹೆಂಡತಿ ಎಂತ ಮಾತಾಡಿಯಾರು? ಊಟ ಆಯಿತಾ, ಗುಳ್ಳಕ್ಕೆ ರೇಟು ಉಂಟಾ, ಸರಿ, ಇಡುತ್ತೇನೆ.

ಈಗ ಅದಕ್ಕೂ ಕುತ್ತು ಬಂದಿತ್ತು. ಮೋಕ್ಷಾಳಿಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿದೆ. ಸೋಮವಾರದಿಂದ ಬೆಳಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಷ್ಟು ಹೊತ್ತಿಗೆ ಕರುಣಾಕರನ ಬಿಡುವು ಮುಗಿದು ಅವನು ಮತ್ತೆ ಒಲೆಯೆದುರು ನಿಂತಿರುತ್ತಾನೆ.

ಶನಿವಾರ ಮೋಕ್ಷಾ ತಾಯಿಯನ್ನು ಜಗಲಿಯಲ್ಲಿ ಕೂರಿಸಿ, ಮನೆಯ ಹಳೆ ಫೋನನ್ನು ಕೈಗೆ ಕೊಟ್ಟು, ತನ್ನ ಫೋನಿನಿಂದ ಕಾಲ್ ಮಾಡಿದಳು.

“ಹಸಿರು ಬಟನ್ ಮೇಲಕ್ಕೆ ಎಳಿ ಅಮ್ಮ. ಮೆಲ್ಲ. ಕುಟ್ಟಬೇಡ, ಅದು ಕೊತ್ತಂಬರಿ ಅಲ್ಲ.”

“ಎಳೀತಾ ಇದ್ದೇನಲ್ಲ ಮಗಾ. ಬರುವುದಿಲ್ಲ ಅದು.”

“ಎಲ್ಲರಿಗೂ ಬರ್ತದೆ.”

“ಹಾಗಾದರೆ ನನ್ನ ತಲೆಗೆ ಹೋಗುವುದಿಲ್ಲ, ಬಿಡು. ಭಾನುವಾರ ನೀನು ಇರ್ತಿಯಲ್ಲ, ಆವಾಗ ಮಾತಾಡಿದರೆ ಸಾಕು.”

ನಗುತ್ತಲೇ ಹೇಳಿ ಎದ್ದಳು. ಒಳಗೆ ಹೋಗಿ ಮಧ್ಯಾಹ್ನವೇ ತೊಳೆದಿಟ್ಟ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು. ಆ ಐದು ನಿಮಿಷದ ಮಾತು ಸಣ್ಣದೇ ಇರಬಹುದು, ಆದರೆ ಅವಳ ಇಡೀ ದಿನ ಅದರ ಕಡೆಗೇ ನಡೆಯುತ್ತಿತ್ತು.

ಮೋಕ್ಷಾಳ ಫೋನು ಹೊಸದು. ರಜೆಯಲ್ಲಿ ಉಡುಪಿಯ ಬಟ್ಟೆ ಅಂಗಡಿಯಲ್ಲಿ ದುಡಿದು ತೆಗೆದುಕೊಂಡದ್ದು. ಮೊಬೈಲಿನಲ್ಲಿ ಆಟ ಆಡುವವರಿಗೆಂದೇ ಮಾಡಿದ ಫೋನುಗಳಲ್ಲಿ ಅಗ್ಗದ್ದು. ಬೆನ್ನ ಮೇಲೆ ಕೆಂಪು ದೀಪ ಓಡುತ್ತದೆ, ಹಿಡಿದರೆ ಒಂದು ಒಳ್ಳೆ ಗುಳ್ಳದಷ್ಟು ಭಾರ. ಕಾಲೇಜಿನಲ್ಲಿ ಜೊತೆಗಿದ್ದ ಕಾಪುವಿನ ಸಾಬಿತ್ ಅಲ್ಲಿಂದ, ಇವಳು ಇಲ್ಲಿಂದ, ಸಂಜೆಯಾದರೆ ಸೇರಿ ಗುಂಡು ಹೊಡೆಯುವ ಆಟ.

ಆ ಸಂಜೆಯೂ ಆಟ ನಡೆದಿತ್ತು. ಅಷ್ಟರಲ್ಲಿ ಯಾರದೋ ದನ ಬೇಲಿ ದಾಟಿ ಗುಳ್ಳದ ಸಾಲಿಗೆ ಬಾಯಿ ಹಾಕಿದ್ದು ಕಂಡಿತು. ಕುಶಲಾ ಏಳುವ ಮೊದಲೇ ಮೋಕ್ಷಾ ಎದ್ದು ಫೋನನ್ನು ತಾಯಿಯ ಮಡಿಲಿಗೆ ಹಾಕಿದಳು. “ಆ ಹಳದಿ ಗುರುತು ಒತ್ತಿ ಹಿಡಿ ಅಮ್ಮ, ಸಾಬಿತ್ ಬಿದ್ದಿದ್ದಾನೆ” ಎಂದವಳೇ ಕೋಲು ಹಿಡಿದು ಓಡಿದಳು.

ಕುಶಲಾಳಿಗೆ ನಂಬಿಕೆಯೇನೂ ಇರಲಿಲ್ಲ. ಹೇಳಿದ್ದಾಳಲ್ಲ ಎಂದು ಒತ್ತಿ ಹಿಡಿದಳು. ಹಳದಿ ಬಳೆಯೊಂದು ತುಂಬುತ್ತಾ ಬಂತು. ನೆಲದಲ್ಲಿದ್ದ ಸಾಬಿತ್‌ನ ಸಿಪಾಯಿ ಎದ್ದು ನಿಂತ.

“ಬದುಕಿದೆ ಮಾರಾಯ್ತಿ. ಇನ್ನು ಓಡು” ಎಂದಿತು ಫೋನಿನೊಳಗಿನ ದನಿ.

“ಎಲ್ಲಿಗೆ ಓಡುವುದು ಮಗಾ?”

“ಆಂಟಿಯಾ?”

“ಹೌದು. ಅವಳು ದನ ಓಡಿಸಲಿಕ್ಕೆ ಹೋಗಿದ್ದಾಳೆ.”

“ಹಾಗಾದರೆ ಎಡಗಡೆ ಚಕ್ರದ ಹಾಗೆ ಒಂದು ಉರುಟು ಉಂಟಲ್ಲ, ಅದನ್ನು ಎಳೀರಿ. ಮರದ ಹಿಂದೆ ಹೋಗಿ ಸುಮ್ಮನೆ ನಿಂತುಕೊಳ್ಳಿ ಆಂಟಿ. ಉಳಿದದ್ದು ನಾನು ನೋಡಿಕೊಳ್ತೇನೆ.”

ಕುಶಲಾ ಎಳೆದಳು. ಮೋಕ್ಷಾಳ ಸಿಪಾಯಿ ನಡೆದ. ಇನ್ನಷ್ಟು ಎಳೆದಳು, ಓಡಿದ. ಮೋಕ್ಷಾ ಏದುಸಿರು ಬಿಡುತ್ತ ಬಂದಾಗ ತಾಯಿ ಸಿಪಾಯಿಯನ್ನು ಮರದ ಸುತ್ತ ಪ್ರದಕ್ಷಿಣೆ ಹಾಕಿಸುತ್ತಿದ್ದಳು.

“ಇದು ನನ್ನ ಮಾತು ಕೇಳ್ತದೆ” ಎಂದಳು ಕುಶಲಾ, ಕಣ್ಣೆತ್ತದೆ.

ಮೋಕ್ಷಾ ತಾಯಿಯ ಬೆರಳನ್ನು ನೋಡಿದಳು, ಫೋನನ್ನು ನೋಡಿದಳು. “ಕೈ ಬೆವರಿದರೂ, ಗ್ಲೌಸ್ ಹಾಕಿದರೂ ಗೊತ್ತಾಗಲಿ ಅಂತ ಇದರಲ್ಲಿ ಟಚ್ ಜೋರು ಇಟ್ಟಿದ್ದೇನೆ” ಎಂದು ಪಕ್ಕದಲ್ಲಿ ಕೂತಳು. “ನಿನ್ನ ತಲೆಯದ್ದು ಏನೂ ತಪ್ಪಿಲ್ಲ ಅಮ್ಮ. ಹಳೆ ಫೋನಿಗೆ ಆಗುವುದಿಲ್ಲ, ಅಷ್ಟೇ.”

ಸೋಮವಾರ ಬೆಳಗ್ಗೆ ಅವಳು ಎರಡು ಫೋನಿನ ಸಿಮ್ಮನ್ನೂ ಅದಲುಬದಲು ಮಾಡಿ, ಹಳೆ ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊಸದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

“ನಿನ್ನ ಆಟ?” ಕುಶಲಾ ಕೇಳಿದಳು.

“ಕೆಲಸ ಮುಗಿಸಿ ಬಂದು ಆಡ್ತೇನೆ. ಅಲ್ಲಿವರೆಗೆ ಸಾಬಿತ್‌ಗೆ ನೀನು ಉಂಟಲ್ಲ.”

ಸಂಜೆ ಫೋನು ಕೆಂಪಗೆ ಮಿನುಗಿ ಹೊಡೆದುಕೊಂಡಿತು. ಕುಶಲಾ ಕೈ ಒರೆಸಿ ಹಸಿರನ್ನು ಮೆಲ್ಲ ಎಳೆದಳು. ಕರುಣಾಕರನ ಮುಖ ಬಂತು.

“ಮೋಕ್ಷಾ ಎಲ್ಲಿ?”

“ಕೆಲಸಕ್ಕೆ.”

“ಮತ್ತೆ ಎತ್ತಿದ್ದು ಯಾರು?”

“ನಾನೇ.”

ಅವನು ಅವಳನ್ನೇ ನೋಡಿದ. ಮತ್ತೆ ಪಕ್ಕಕ್ಕೆ ತಿರುಗಿ, “ಲೆಸ್ಟರ್, ನೀನು ಸ್ವಲ್ಪ ಆಚೆ ಹೋಗು ಮಾರಾಯ” ಎಂದ.

“ಅಲ್ಲಿ ಯಾರು ಇರುವುದು?”

“ನಮ್ಮ ರೂಮಿನವ. ದಿನಾ ಅವನೇ ಒತ್ತಿ ಕೊಡುವುದು.” ಕರುಣಾಕರ ಹೆಬ್ಬೆರಳನ್ನು ಕ್ಯಾಮರಾದ ಎದುರು ಹಿಡಿದ. ಬಿಸಿ ಟ್ರೇ ಹಿಡಿದು ಹಿಡಿದು ಅದರ ತುದಿ ನುಣ್ಣಗೆ ಹೊಳೆಯುತ್ತಿತ್ತು. “ಫೋನಿಗೆ ಇದು ಗೊತ್ತೇ ಆಗುವುದಿಲ್ಲ. ಹೇಳಿದರೆ ನೀನು ನಗ್ತಿ ಅಂತ ಹೇಳಲಿಲ್ಲ.”

ಕುಶಲಾ ನಕ್ಕೇಬಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ತನ್ನ ಬೆರಳನ್ನೂ ಗಾಜಿನ ಹತ್ತಿರ ಹಿಡಿದು ತೋರಿಸಿದಳು. ಆಮೇಲೆ ಫೋನನ್ನು ಹಿಡಿದುಕೊಂಡೇ ಗುಳ್ಳದ ಸಾಲಿಗೆ ಇಳಿದಳು. ಆ ಹೊತ್ತು ಅವರಿಬ್ಬರೂ ಮಾತಾಡಿದ್ದರಲ್ಲಿ ರೇಟಿನ ಸುದ್ದಿ ಇರಲಿಲ್ಲ.

ಕೊನೆಗೆ ಅವನೇ ಕೇಳಿದ: “ಆ ಫೋನಿನ ಹೆಸರು ಎಂತ? ಹಿಂದೆ ಬರೆದಿರಬೇಕು, ಓದು. ಅವಸರ ಇಲ್ಲ.”

ಅವಳು ಫೋನನ್ನು ತಿರುಗಿಸಿ ಕೆಂಪು ದೀಪದ ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದಳು. ಆ ಕಡೆಯ ಬಾಗಿಲಿನಿಂದ ಇನ್ನೊಂದು ದನಿ ಕೇಳಿತು.

“ಸರಿಯಾಗಿ ಹೇಳಿ ಕುಶಲಕ್ಕ. ಇವನಿಗೆ ಆ ಫೋನು ಬಂದರೆ ನಾನು ಈ ಹೊತ್ತಿಗೆ ಒಂದು ನಿದ್ದೆ ಮಾಡಬಹುದು.”